ಟ್ಯಾಂಕಿನ ಬೆನ್ನು ಮತ್ತು ಫೌಸ್ತೊ

ನನ್ನ ಗಂಡ ಅತಿಲಿಯೊ ರವಿಯೊಲಿ, ಅಂದರೆ ಹೂರಣ ತುಂಬಿದ ಪುಟ್ಟ ಕಡುಬು, ಮಾಡಿ ಮಾರುತ್ತಾನೆ. ಭಾನುವಾರ ಬೆಳಿಗ್ಗೆ ನಮ್ಮ ಅಂಗಡಿಯ ಸಾಲು ಬೋಯೆದೊ ಬೀದಿಯ ಮೂಲೆ ದಾಟುತ್ತದೆ. ಇಗರ್ಜಿ ತಪ್ಪಿಸುವವರೂ ನಮ್ಮ ಸಾಲು ತಪ್ಪಿಸುವುದಿಲ್ಲ. ಹಿಟ್ಟು ನಾದುವ ಆ ದಪ್ಪ ಕೈಗಳೇ, ಊರೆಲ್ಲ ಉಂಡು ಮಲಗಿರುವ ಹೊತ್ತಿನಲ್ಲಿ, ಹಿಂದಿನ ಕೋಣೆಯಲ್ಲಿ ಯುದ್ಧದ ಟ್ಯಾಂಕುಗಳ ಅಂಗೈಯಗಲದ ಮಾದರಿಗಳನ್ನು ಕಟ್ಟುತ್ತವೆ. ಬೇರೆಯವರ ಗಂಡಂದಿರು ಕುದುರೆ ಜೂಜಿನಲ್ಲಿ ಮನೆ ಹಾಳು ಮಾಡಿದರೆ, ನನ್ನವನು ನಾನು ಹುಬ್ಬು ಕೀಳುವ ಚಿಮಟವನ್ನಷ್ಟೇ ಅಂಟು ಮೆತ್ತಿ ಹಾಳು ಮಾಡಿದ್ದಾನೆ. ಅಷ್ಟಕ್ಕೇ ಮುಗಿಯಿತಲ್ಲ, ನನ್ನ ಪುಣ್ಯ ಅಂದುಕೊಂಡಿದ್ದೆ, ನಹುವೆಲ್ ಅವನ ತಲೆಗೆ ಹತ್ತುವವರೆಗೆ.

ನಹುವೆಲ್ ಅಂದರೆ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶವೇ ಮಾಡಿದ ಟ್ಯಾಂಕು. ಮಾಡಿದ್ದು ಕೆಲವೇ ಕೆಲವು, ಅವೂ ಗುಜರಿಗೆ ಹೋದವು. ಈಗ ಅದರ ಮಾದರಿ ಕಟ್ಟಬೇಕೆಂದರೆ ಹಳೆಯ ಫೋಟೊಗಳೇ ಗತಿ. ಅತಿಲಿಯೊಗೆ ಸಿಕ್ಕಿದ್ದೆಲ್ಲ ಎದುರಿನಿಂದ ತೆಗೆದವು. ಮೆರವಣಿಗೆಯಲ್ಲಿ ಬರುವ ಟ್ಯಾಂಕಿನ ಫೋಟೊ ತೆಗೆಯುತ್ತಾರೆ, ಹೋಗುವ ಟ್ಯಾಂಕಿನ ಬೆನ್ನನ್ನು ಯಾವ ಪುಣ್ಯಾತ್ಮ ತೆಗೆಯುತ್ತಾನೆ? ಮುಂಭಾಗ, ಪಕ್ಕ ಎಲ್ಲ ಮುಗಿದು, ಹಿಂಭಾಗ ಮಾತ್ರ ಬಿಳಿ ಪ್ಲಾಸ್ಟಿಕ್ಕಾಗಿ ಬೋಳಾಗಿ ಉಳಿಯಿತು.

"ಏನೋ ಒಂದು ಅಂಟಿಸಿಬಿಡು ಮಾರಾಯ. ಯಾರು ತಿರುಗಿಸಿ ನೋಡ್ತಾರೆ?" ಅಂದೆ.

"ಪೆರುಜ್ಜಿ ನೋಡ್ತಾನೆ."

ಪೆರುಜ್ಜಿ ಅಂದರೆ ಮಾದರಿ ಕಟ್ಟುವವರ ಸಂಘದ ಅಧ್ಯಕ್ಷ, ಭೂತಗನ್ನಡಿ ಜೇಬಿನಲ್ಲೇ ಇಟ್ಟುಕೊಂಡು ಹುಟ್ಟಿದವನು. ಹೋದ ವರ್ಷದ ಪ್ರದರ್ಶನದಲ್ಲಿ ಅತಿಲಿಯೊನ ಟ್ಯಾಂಕನ್ನು ಬಗ್ಗಿ ನೋಡಿ, "ಈ ಕೊಕ್ಕೆ ಕಲ್ಪನೆಯ ಕೂಸು" ಎಂದು ಎಲ್ಲರೆದುರು ಸಾರಿದ್ದ. ಅದು ನಿಜವೂ ಆಗಿತ್ತು. ಅತಿಲಿಯೊ ಆ ದಿನ ಊಟ ಬಿಟ್ಟ, ಅದೂ ನಾನು ಮಾಡಿದ ಆಲೂಗಡ್ಡೆಯ ನ್ಯೋಕಿ. ಇನ್ನು ಮೇಲೆ ಕಣ್ಣಾರೆ ಕಾಣದ ಒಂದು ಮೊಳೆಯನ್ನೂ ಹಾಕುವುದಿಲ್ಲ ಎಂದು ಶಪಥ ಮಾಡಿದ.

ಹಾಗಾಗಿ ಅಂಗಡಿಯಲ್ಲಿ ಬೇಟೆ ಶುರುವಾಯಿತು. "ರಿಕೋಟ್ಟಾ ಚೀಸಿಂದು ಎರಡು ಪೊಟ್ಟಣ, ತಗೊಳ್ಳಿ. ಅಂದ ಹಾಗೆ, ನಿಮ್ಮನೇಲಿ ನಲವತ್ನಾಲ್ಕರ ಜುಲೈ ಮೆರವಣಿಗೆ ಫೋಟೊ ಏನಾದ್ರೂ ಇದ್ಯಾ?" ಜನ ಆಲ್ಬಮ್‌ಗಳನ್ನು ಹೊತ್ತು ತಂದರು. ಮದುವೆಗಳು, ಬೆತ್ತಲೆ ಕೂಸುಗಳು, ಸತ್ತ ನಾಯಿಗಳು, ಎಲ್ಲವನ್ನೂ ಹೊಗಳಬೇಕಾಯಿತು. ಹೊಗಳುವ ಕೆಲಸ ನನಗೆ ಬಂತು.

ಕೊನೆಗೆ ಮೂಲೆಮನೆಯ ವಿಧವೆ, ಬೀದಿಯೆಲ್ಲ ಗೌರವದಿಂದ ದೊನ್ಯಾ ಎಂದು ಕರೆಯುವ ದೆಲ್ಮಿರಾ, ಒಂದು ಫೋಟೊ ತಂದರು. ಚಳಿಗಾಲದ ಕೋಟು ತೊಟ್ಟು ನಗುತ್ತಿರುವ ಹದಿನೆಂಟರ ಹುಡುಗಿ. ಅವಳ ಹೆಗಲ ಮೇಲೆ ಒಡೆಯನಿಲ್ಲದ ಒಂದು ಗಂಡಸಿನ ಕೈ. ಅಲ್ಲಿಂದಾಚೆಗೆ ಫೋಟೊ ಇಲ್ಲ, ಕತ್ತರಿ ಆಡಿತ್ತು. ಕತ್ತರಿಸಿದ ಅಂಚಿನಲ್ಲಿ ನಹುವೆಲ್‌ನ ಹಿಂಭಾಗ ಇಷ್ಟೇ ಇಷ್ಟು ಇಣುಕುತ್ತಿತ್ತು.

"ಇನ್ನರ್ಧ?" ಅತಿಲಿಯೊ ಫೋಟೊದ ಹಿಂದು ಮುಂದು ತಿರುಗಿಸಿ ನೋಡಿದ.

"ಅದ್ರಲ್ಲಿ ಫೌಸ್ತೊ ಇದ್ದ. ಉಂಗುರ ಹಾಕಿ ಕೈಕೊಟ್ಟವನು. ಕತ್ತರಿಸಿ ಒಲೆಗೆ ಹಾಕ್ದೆ."

"ದೊನ್ಯಾ, ಅವನ ಜೊತೆ ಟ್ಯಾಂಕೂ ಹೋಯ್ತಲ್ಲ!"

"ಟ್ಯಾಂಕಿನ ಮೇಲೆ ನಂಗೇನೂ ಕೋಪ ಇರ್ಲಿಲ್ಲ ಮಗಾ. ಸಹವಾಸದೋಷ."

ಅತಿಲಿಯೊ ನಂಬಿದ. ನಾನು ನಂಬಲಿಲ್ಲ. ನಮ್ಮ ಬೀದಿಯಲ್ಲಿ ಕೈಕೊಟ್ಟವನನ್ನು ಫೋಟೊದಿಂದ ಕತ್ತರಿಸುವುದು ಹೊಸದಲ್ಲ. ನನ್ನ ಅತ್ತೆಯ ಆಲ್ಬಮಿನಲ್ಲಿ ತೂತುಗಳೇ ಹೆಚ್ಚು. ಆದರೆ ಸುಡುವವಳಿಗೆ ಕತ್ತರಿ ಯಾಕೆ, ಇಡೀ ಫೋಟೊವನ್ನೇ ಒಲೆಗೆ ಹಾಕಬಹುದಿತ್ತಲ್ಲ? ಸೋಮವಾರ ಅಂಗಡಿ ರಜೆ, ದೊನ್ಯಾ ಮನೆಗೆ ಹೋಗಿ, ಮಾತೆ ಎಂಬ ನಮ್ಮ ಕಡೆಯ ಎಲೆಕಷಾಯ ಕುಡಿಯುತ್ತ ಅದನ್ನೇ ಕೇಳಿದೆ.

ದೊನ್ಯಾ ಬಿಸಿನೀರು ಹೊಯ್ದರು, ಹೀರಿದರು, ಮತ್ತೆ ಹೊಯ್ದರು. ಆಮೇಲೆ, "ಇರ್ಮಾ, ನಿನ್ನ ಗಂಡನಿಗೆ ಬೇಕಾಗಿರೋದು ಬರೀ ಟ್ಯಾಂಕು ತಾನೇ?" ಎಂದು ಎದ್ದು, ಗೋಡೆಯ ಮೇಲಿನ ಸಂತ ಅಂತೋನಿಯ ಚೌಕಟ್ಟಿನ ಹಿಂದೆ ಕೈಹಾಕಿ ಫೋಟೊದ ಇನ್ನರ್ಧ ತೆಗೆದರು. ಅವರ ಗಂಡ, ಪಾಪ, ಸಾಯುವವರೆಗೂ ಆ ಚೌಕಟ್ಟಿನ ಕೆಳಗೇ ಕೂತು ಉಂಡಿದ್ದ. ನನ್ನ ಕಣ್ಣು ತುಂಬಿತು, ನಗುವೂ ಬಂತು.

ತುಂಡು ನೋಡಿ ಅತಿಲಿಯೊ ಕುಣಿದಾಡಿದ. ಬೆನ್ನು ಪೂರ್ತಿ ಇತ್ತು: ಮೊಳೆಗಳು, ಕೊಕ್ಕೆಗಳು, ದೀಪ. ಮರುಕ್ಷಣ ತಲೆ ಚಚ್ಚಿಕೊಂಡ. ಬಲಗಡೆಯ ಮೂಲೆಗೆ ಅಡ್ಡವಾಗಿ, ಟೋಪಿ ಹಾಕಿಕೊಂಡು, ಫೌಸ್ತೊ ನಿಂತಿದ್ದ.

"ಸ್ವಲ್ಪ ಸರಿಯೋ, ಹಾಳಾದವನೇ!" ಎಂದು ಫೋಟೊಗೆ ಬೈದ. ಅವನು ಸರಿಯಲಿಲ್ಲ.

ಪ್ರದರ್ಶನದ ದಿನ ಪೆರುಜ್ಜಿ ನಹುವೆಲ್‌ನ ಸುತ್ತ ಭೂತಗನ್ನಡಿ ಆಡಿಸುತ್ತ ಹಿಂಭಾಗಕ್ಕೆ ಬಂದು ನಿಂತ. ಅಲ್ಲಿ, ಬಲಮೂಲೆಗೆ ಒರಗಿದ ಹಾಗೆ, ಬೆರಳುದ್ದದ ಫೌಸ್ತೊ ಒಂದು ಕೈಯನ್ನು ಗಾಳಿಯಲ್ಲಿ ಚಾಚಿ ನಿಂತಿದ್ದ.

"ಇವನ ಹಿಂದೆ ಏನಿದೆ?"

"ಗೊತ್ತಿಲ್ಲ," ಅಂದ ಅತಿಲಿಯೊ, ತಲೆ ತಗ್ಗಿಸದೆ. "ಕಂಡಷ್ಟು ಕಟ್ಟಿದ್ದೀನಿ."

"ನಂಗೂ ಗೊತ್ತಾಗ್ಲಿಲ್ಲಪ್ಪ," ಮುತ್ತಿನ ಸರ ಹಾಕಿಕೊಂಡು ಬಂದಿದ್ದ ದೊನ್ಯಾ ನಡುವೆ ಬಾಯಿ ಹಾಕಿದರು. "ಆವತ್ತೂ ಏನೋ ಮುಚ್ಚಿಟ್ಕೊಂಡೇ ನಿಂತಿದ್ದ."

ಸುತ್ತಲಿದ್ದವರೆಲ್ಲ ನಕ್ಕರು. ಪೆರುಜ್ಜಿಯೂ ನಕ್ಕು ಭೂತಗನ್ನಡಿ ಮಡಚಿದ. ಅತಿಲಿಯೊನ ಮುಖ ಮೊದಲ ಸಲ ಅಂಗಡಿ ತೆರೆದ ದಿನದ ಹಾಗಿತ್ತು.

ಜನ ಚದುರಿದ ಮೇಲೆ ಅವನು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ತೆರೆದ. ಒಳಗೆ ಹತ್ತಿಯ ಮೇಲೆ ಕೋಟು ತೊಟ್ಟ ಪುಟ್ಟ ಹುಡುಗಿ. "ನಿಮ್ಮನ್ನ ಕೇಳ್ದೆ ನಿಲ್ಲಿಸೋದು ಸರಿಯಲ್ಲ ಅನ್ನಿಸ್ತು ದೊನ್ಯಾ."

ದೊನ್ಯಾ ಹುಡುಗಿಯನ್ನು ಎತ್ತಿ ಚಾಚಿದ ಆ ಕೈಯ ಕೆಳಗೆ ನಿಲ್ಲಿಸಿದರು. ನೋಡಿದರು. ಆಮೇಲೆ ಬೆರಳಿನಿಂದ ಒಂಚೂರು ಆಚೆ ತಳ್ಳಿದರು.

"ಇಲ್ಲಿ ಅಂಟ್ಸು. ಅವನ ಕೈಗೆ ಸಿಗಬಾರ್ದು. ಕಣ್ಣಿಗೆ ಸಿಗ್ತಾ ಇರ್ಲಿ."

ಅತಿಲಿಯೊ ಜೇಬಿನಿಂದ ನನ್ನ ಚಿಮಟ ತೆಗೆದ.