ಮಾಸ್ಟ್ರ ಕಾಗದದ ಗುಲಾಬಿ

ಶರ್ಟ್ ಕಾರ್ಖಾನೆಯಲ್ಲಿ ಮೂವತ್ನಾಲ್ಕು ವರ್ಷ ಬಟ್ಟೆ ಕತ್ತರಿಸಿ ನಿವೃತ್ತರಾದ ಕಟಿಂಗ್ ಮಾಸ್ಟರನ್ನು ಬೀದಿಯವರಷ್ಟೇ ಅಲ್ಲ, ಹೆತ್ತ ಮಗಳೂ ‘ಮಾಸ್ಟ್ರು’ ಎಂದೇ ಕರೆಯುತ್ತಿದ್ದಳು. ಹಾಗೆ ಕರೆಯದವಳು ಹೆಂಡತಿಯೊಬ್ಬಳೇ. ಆಕೆಗೆ ಅವರು ಬರೀ ‘ರೀ’.

ಆಕೆಯೇನು ಕಡಿಮೆಯವಳಲ್ಲ. ಆಸ್ಪತ್ರೆಯ ಎದುರು ಇಪ್ಪತ್ತೆಂಟು ವರ್ಷ ಹೂವಿನಂಗಡಿ ನಡೆಸಿದವಳು. ಗುಲಾಬಿ ಎಂದರೆ ಪ್ರಾಣ. ಹೋದ ವರ್ಷ ಉಬ್ಬಸ ಹೆಚ್ಚಾಗಿ, ಹೂವಿನ ಹತ್ತಿರವೂ ಸುಳಿಯಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಅಂಗಡಿ ಮುಚ್ಚಿತು. ಅಂಥ ಮಾತಿನ ಮಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದನ್ನು ನೋಡಲು ಮಾಸ್ಟ್ರಿಂದ ಆಗಲಿಲ್ಲ.

ಸುಕ್ಕುಸುಕ್ಕಾದ ಕೆಂಪು ಕ್ರೇಪ್ ಕಾಗದ, ತಂತಿ, ಅಂಟು ತಂದರು. “ನಿಮ್ಮಮ್ಮನ ಮುಂದೆ ಗುಲಾಬಿ ಇಟ್ಟೇ ತೀರ್ತೀನಿ. ಯಾರೂ ಹೇಳದೇನೇ ಅವಳು ಅದನ್ನ ಗುಲಾಬಿ ಅನ್ಬೇಕು” ಎಂದು ಮಗಳೆದುರು ಶಪಥ ಮಾಡಿದರು.

ಕತ್ತರಿ ಹಿಡಿಯುವುದರಲ್ಲಿ ಎತ್ತಿದ ಕೈ. ಅದರ ಜಂಬವೂ ಇತ್ತು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಚೆನ್ನಾಗಿ ಹಿಗ್ಗುತ್ತದೆ. ಕಾಗದಕ್ಕೂ ಅದೇ ನ್ಯಾಯವೆಂದು ಎಸಳುಗಳನ್ನೆಲ್ಲ ಓರೆಯಾಗಿ ಕತ್ತರಿಸಿದರು. ಎಸಳು ಹಿಗ್ಗಲೂ ಇಲ್ಲ, ಬಟ್ಟಲಿನಂತೆ ಬಾಗಲೂ ಇಲ್ಲ. ಸೊಟ್ಟಗೆ ತಿರುಚಿಕೊಂಡು ಕೂತಿತು.

“ಏನ್ರೀ ಇದು, ಕೆಂಪು ಎಲೆಕೋಸಾ?” ಎಂದಳು ಹೆಂಡತಿ.

“ಚೆನ್ನಾಗಿದೆ ಅಂತ ಹೇಳಮ್ಮ, ನಿನ್ನ ಗಂಟೇನ್ ಹೋಗುತ್ತೆ?” ಮಗಳು ಗದರಿದಳು.

“ಗುಲಾಬಿ ವಿಷ್ಯದಲ್ಲಿ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ.”

ಮಾಸ್ಟ್ರ ಮುಖ ಹುಳ್ಳಗಾಯಿತು. ಆದರೂ ಜಗ್ಗಲಿಲ್ಲ. ಐದನೆಯ ಹೂವಿನ ಹೊತ್ತಿಗೆ ಗುಟ್ಟು ಹೊಳೆಯಿತು: ಕಾಗದದ ಸುಕ್ಕುಗಳು ಎಸಳಿನ ಬುಡದಿಂದ ತುದಿಗೆ ನೆಟ್ಟಗಿರಬೇಕು, ಆಗ ಎರಡು ಹೆಬ್ಬೆರಳಿಟ್ಟು ಅಗಲಿಸಿದರೆ ಎಸಳಿಗೆ ಹೊಟ್ಟೆ ಬರುತ್ತದೆ. ತಲೆಗೇನೋ ಹೊಳೆಯಿತು, ಕೈ ಕೇಳಬೇಕಲ್ಲ! ಕತ್ತರಿ ತಾನಾಗಿಯೇ ಓರೆಗೆ ವಾಲುತ್ತಿತ್ತು. ಕಣ್ಣಳತೆಯಲ್ಲೇ ಕಾಲರ್ ಕತ್ತರಿಸುತ್ತಿದ್ದ ಮನುಷ್ಯ ಈಗ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರ ಹಾಗೆ ಎಸಳೆಸಳಿಗೂ ಪೆನ್ಸಿಲ್ ಗೀಟು ಹಾಕಿಕೊಂಡರು. ಅವಮಾನವಾಗದೆ ಇರಲಿಲ್ಲ. ನುಂಗಿಕೊಂಡರು.

ಒಂಬತ್ತನೆಯದನ್ನು ಹೆಂಡತಿ ಕೈಗೆತ್ತಿಕೊಂಡು ನೋಡಿದಳು. “ಹೊರಗಿನ ಎಸಳು ಹೀಗೆ ಸೆಟೆದು ನಿಲ್ಲಲ್ಲ ರೀ. ತುದಿ ಹಿಂದಕ್ಕೆ ಸುತ್ತಿಕೊಳ್ಳುತ್ತೆ.”

ಮಾಸ್ಟ್ರು ಅದನ್ನೂ ಕಲಿತರು, ಪೆನ್ಸಿಲಿಗೆ ಸುತ್ತಿ ಸುತ್ತಿ.

ಹದಿನಾಲ್ಕನೆಯ ಹೂವನ್ನು ಒಂದು ಬೆಳಿಗ್ಗೆ ಗಾಜಿನ ಲೋಟದಲ್ಲಿಟ್ಟು, ಮೇಜಿನ ಮೇಲೆ ಬಿಟ್ಟು, ಏನೂ ಗೊತ್ತಿಲ್ಲದವರ ಹಾಗೆ ಅಡುಗೆಮನೆಗೆ ಸರಿದರು. ಬಾಗಿಲ ಸಂದಿಯಿಂದ ಇಣುಕಿದರು.

ಹೆಂಡತಿ ಬಂದು ಕೂತಳು. ಹೂವಿನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಮತ್ತೆ, ಅಂಗಡಿಯಲ್ಲಿ ದಿನಾ ಬೆಳಿಗ್ಗೆ ಮಾಡುತ್ತಿದ್ದಂತೆ, ಪಕ್ಕದ ಚೊಂಬಿಗೆ ಬೆರಳದ್ದಿ ಹೂವಿನ ಮೇಲೆ ನೀರು ಚಿಮುಕಿಸಿದಳು. ಒಂದು ಸಲವಲ್ಲ, ಮೂರು ಸಲ.

ಬಣ್ಣ ಇಳಿಯಿತು. ಎಸಳುಗಳು ಜೋತುಬಿದ್ದವು.

“ಅಯ್ಯೋ, ರೀ! ಬಾಡಬಾರದು ಅಂತ... ಕಾಗದ ಅನ್ನೋದೇ ಮರ್ತುಹೋಯ್ತು!”

ಮಾಸ್ಟ್ರು ಓಡಿಬಂದರು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

“ಹಾಳಾಯ್ತಲ್ರೀ, ನಗ್ತೀರಲ್ಲ!”

“ಹೋಗ್ಲಿ ಬಿಡೇ. ಇದಕ್ಕಿಂತ ಇನ್ನೇನು ಹೇಳ್ಬೇಕು ನೀನು?”

ಆಕೆ ಕೆಂಪಾದ ಬೆರಳುಗಳನ್ನು ಒರೆಸಿಕೊಂಡು ಅವರೆದುರಿಗೆ ಕುರ್ಚಿ ಎಳೆದುಕೊಂಡಳು.

“ಕಾಗದ ಇತ್ತ ಕೊಡಿ. ಹೊರಗಿನ ಎಸಳು ನಾನು ಮಾಡ್ತೀನಿ. ನಿಮಗಿನ್ನೂ ಸರಿಯಾಗಿ ಬರಲ್ಲ.”