ಇವತ್ತು ರೆಸ್ಟ್ ಯಾರು?

ಬಸ್ ಡಿಪೋದಲ್ಲಿ ಇಪ್ಪತ್ತಾರು ವರ್ಷ ಡ್ಯೂಟಿ ಗುಮಾಸ್ತನಾಗಿದ್ದ ನನ್ನ ಗೆಳೆಯ ತೀರಿಕೊಂಡು ನಾಲ್ಕು ತಿಂಗಳಾಯಿತು. ಡಿಪೋದವರೂ ನಾವೂ ಅವನನ್ನು ‘ಡ್ಯೂಟಿ’ ಎಂದೇ ಕರೆಯುತ್ತಿದ್ದೆವು. ಯಾವ ಬಸ್ಸಿಗೆ ಯಾವ ಡ್ರೈವರ್, ಯಾವ ಕಂಡಕ್ಟರ್, ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಮರುದಿನದ ಪಟ್ಟಿ ಬರೆದು, ಮಧ್ಯಾಹ್ನ ಮೂರಕ್ಕೆ ಗಾಜಿನ ಹಲಗೆಯೊಳಗೆ ಅಂಟಿಸುವುದು ಅವನ ಕೆಲಸ. ಅಂಟಿಸಿದ್ದೇ ತಡ, ಜನ ಅವನ ಕಿಟಕಿಗೆ ಮುತ್ತಿಕೊಳ್ಳುತ್ತಿದ್ದರು. ಒಬ್ಬನಿಗೆ ಬೆಳಗಿನ ಪಾಳಿ ಬೇಡ, ಇನ್ನೊಬ್ಬನಿಗೆ ಆ ಕಂಡಕ್ಟರ್ ಜೊತೆ ಆಗುವುದಿಲ್ಲ, ಮತ್ತೊಬ್ಬನ ಸೊಂಟಕ್ಕೆ ಹಳೇ ಬಸ್ಸು ಸೇರುವುದಿಲ್ಲ. ಇವನು ಎಲ್ಲರ ಮಾತೂ ಕೇಳಿ, ಆಗುವುದಾದರೆ ಆಗುತ್ತದೆ ಎನ್ನುತ್ತಿದ್ದ, ಇಲ್ಲವಾದರೆ ಮುಖಕ್ಕೇ ಇಲ್ಲ ಎನ್ನುತ್ತಿದ್ದ. ‘ನೋಡೋಣ’ ಎಂಬ ಮಾತು ಅವನ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಪಟ್ಟಿಯ ಕೊನೆಯ ಕಲಂ ಕೆಂಪು ಶಾಯಿಯದು. ಅದರ ತಲೆಬರಹ ‘ರೆಸ್ಟ್’. ಡಿಪೋದಲ್ಲಿ ವಾರದ ರಜೆ ಎಂದು ಯಾರೂ ಹೇಳುವುದಿಲ್ಲ. ಆ ದಿನ ಯಾರಿಗೆ ರಜೆಯೋ ಅವನೇ ರೆಸ್ಟ್. “ನಾಳೆ ರೆಸ್ಟ್ ಯಾರು?” “ನಾನೇ ರೆಸ್ಟ್ ಕಣಪ್ಪ, ಬಟ್ಟೆ ಒಗೀಬೇಕು.” ಈ ಮಾತನ್ನು ಇಪ್ಪತ್ತಾರು ವರ್ಷ ದಿನವೂ ಕೇಳಿದ ಮನುಷ್ಯ ಅವನು. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಾನು ಒಂದು ಛಾಪಖಾನೆಯಲ್ಲಿ ಕರಡು ತಿದ್ದುವವನು. ಆ ಕಾರಣಕ್ಕೆ ನನಗೆ ಅವನಿಟ್ಟ ಹೆಸರು ‘ಕರಡು’. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅವನ ಮನೆಗೆ ಹೋಗುತ್ತಿದ್ದೆ. ಎರಡನೇ ಮಹಡಿ, ಎರಡು ಕೋಣೆ. ಹೊರಗಿನ ಕೋಣೆಯ ಅರ್ಧವನ್ನು ಅವನ ಅಕ್ಕನ ಹೊಲಿಗೆ ಯಂತ್ರವೂ ಬಟ್ಟೆಯ ರಾಶಿಯೂ ಆಕ್ರಮಿಸಿರುತ್ತಿದ್ದವು. ಅಕ್ಕ ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದವಳು. ತಮ್ಮ ಮದುವೆಯಾಗಲಿಲ್ಲ, ಏಕೆಂದು ಕೇಳಿದರೆ, “ಆ ಕಲಂ ಖಾಲಿ ಬಿಟ್ಟಿದ್ದೀನಿ” ಎನ್ನುತ್ತಿದ್ದ. ನಮ್ಮ ಭಾನುವಾರದ ಕೂಟಕ್ಕೆ ನಾಲ್ಕನೆಯವರು ಡಿಪೋದಿಂದ ನಿವೃತ್ತರಾದ ಒಬ್ಬ ಡ್ರೈವರ್. ವಯಸ್ಸಿನಲ್ಲಿ ನಮ್ಮೆಲ್ಲರಿಗಿಂತ ಹಿರಿಯರು, ಮೆಟ್ಟಿಲು ಹತ್ತುವಾಗಲೂ ಬಾಯಲ್ಲಿ ಹಾರ್ನ್ ಹೊಡೆಯುತ್ತ ಬರುತ್ತಿದ್ದರು.

ನಾವು ಆಡುತ್ತಿದ್ದ ಆಟ ಬಸ್ಸಿನಲ್ಲಿ ಯಾರೋ ಮರೆತುಹೋದದ್ದು. ಆರು ತಿಂಗಳು ಕಾದರೂ ಕೇಳಿಕೊಂಡು ಯಾರೂ ಬರಲಿಲ್ಲವಾಗಿ ಡ್ಯೂಟಿ ಡಬ್ಬಿಯನ್ನು ಮನೆಗೆ ತಂದ. ಒಳಗೆ ಮಡಿಸಿದ ಹಲಗೆ, ನಾಲ್ಕು ಬಣ್ಣದ ಮರದ ಪುಟ್ಟ ಮನುಷ್ಯರು, ಇಟ್ಟಿಗೆ ಮರ ಕಾಳು ಎಂದು ಬಿಲ್ಲೆಗಳು, ಮತ್ತು ಒಂದು ಇಂಗ್ಲಿಷ್ ನಿಯಮ ಪುಸ್ತಕ. ಆ ಮನುಷ್ಯರಿಗೆ ನಾವು ‘ಆಳು’ ಎನ್ನುತ್ತಿದ್ದೆವು. ಒಬ್ಬೊಬ್ಬರಿಗೆ ನಾಲ್ಕು ಆಳು. ಸರದಿಯ ಪ್ರಕಾರ ಒಂದೊಂದು ಆಳನ್ನು ಹಲಗೆಯ ಮೇಲಿನ ಜಾಗಗಳಿಗೆ ಕಳಿಸಬೇಕು. ಕಾಡಿಗೆ ಕಳಿಸಿದರೆ ಮರ, ಗೂಡಿಗೆ ಕಳಿಸಿದರೆ ಇಟ್ಟಿಗೆ, ಹೊಲಕ್ಕೆ ಕಳಿಸಿದರೆ ಕಾಳು. ಒಂದು ಜಾಗದಲ್ಲಿ ಒಬ್ಬನ ಆಳು ಕೂತರೆ ಆ ಸುತ್ತು ಮುಗಿಯುವವರೆಗೆ ಬೇರೆಯವರಿಗೆ ಅಲ್ಲಿ ಪ್ರವೇಶವಿಲ್ಲ. ಸುತ್ತು ಮುಗಿದ ಮೇಲೆ ಎಲ್ಲರನ್ನೂ ಮನೆಗೆ ಕರೆದು ಉಣಿಸಬೇಕು. ಹೀಗೆ ಕೂಡಿಸಿಕೊಂಡು ಯಾರು ಮೊದಲು ತಮ್ಮ ಊರು ಕಟ್ಟಿ ಮುಗಿಸುತ್ತಾರೋ ಅವರು ಗೆದ್ದರು. ಸುತ್ತುಗಳೆಲ್ಲ ಮುಗಿದರೂ ಯಾರ ಊರೂ ಪೂರ್ತಿಯಾಗದಿದ್ದರೆ ಹೆಚ್ಚು ಕಟ್ಟಿದವರು ಗೆದ್ದಂತೆ.

“ಇದು ನನ್ನ ಕೆಲಸಾನೇ ಅಲ್ವೇನೋ!” ಎಂದು ಡ್ಯೂಟಿ ಮೊದಲ ದಿನವೇ ಹಿಗ್ಗಿದ್ದ. ಪುಸ್ತಕವನ್ನು ಒಂದು ವಾರ ಬೆರಳಿಟ್ಟು ಓದಿ ನಮಗೆ ಪಾಠ ಮಾಡಿದ. ಅವನ ಇಂಗ್ಲಿಷು ಡಿಪೋದ ಇಂಗ್ಲಿಷು. ಒಂದು ಕಡೆ ಹೀಗಿತ್ತು: ನಿಮ್ಮ ಸರದಿಯಲ್ಲಿ ಒಬ್ಬ ಆಳನ್ನು ಕಳಿಸಿ, ‘ದಿ ರೆಸ್ಟ್’ ಮನೆಯಲ್ಲಿರುತ್ತಾರೆ. ಉಳಿದವರು ತಮ್ಮ ಸರದಿಯವರೆಗೆ ಮನೆಯಲ್ಲಿರಲಿ ಎಂಬುದು ಅದರ ಅರ್ಥ. ಡ್ಯೂಟಿ ಅದನ್ನು ತನಗೆ ಗೊತ್ತಿದ್ದಂತೆ ಓದಿದ: ರೆಸ್ಟ್ ಆದವನು ಮನೆಯಲ್ಲಿರುತ್ತಾನೆ. “ಪ್ರತಿ ಸುತ್ತಲ್ಲೂ ಒಬ್ಬ ಆಳು ರೆಸ್ಟ್. ಸರದಿ ಮೇಲೆ. ಹೋದ ಸಲ ರೆಸ್ಟ್ ಆದವನು ಈ ಸಲ ದುಡೀಬೇಕು. ನೋಡಿ, ಆಟ ಮಾಡಿದವನಿಗೂ ನ್ಯಾಯ ಗೊತ್ತು!”

ಆಳುಗಳ ತಳದಲ್ಲಿ ಒಂದು, ಎರಡು ಎಂದು ಬರೆದ. ಯಾರ ಯಾವ ಆಳಿಗೆ ಯಾವ ಸುತ್ತಿನಲ್ಲಿ ರೆಸ್ಟ್ ಎಂಬುದಕ್ಕೆ ಪಟ್ಟಿಯನ್ನೂ ಇಟ್ಟ. ಪ್ರತಿ ಸುತ್ತಿನ ಮೊದಲು, “ಇವತ್ತು ರೆಸ್ಟ್ ಯಾರು?” ಎಂದು ಕೂಗುವನು. ನಾವು ನಮ್ಮ ನಮ್ಮ ಆಳನ್ನು ಮಲಗಿಸುವೆವು.

“ಮೂರು ನಂಬರಿನೋನು ಹೋದ ಸುತ್ತೂ ಮಲಗಿದ್ದ ಕಣಯ್ಯ. ಭಾರೀ ಸೋಮಾರಿ,” ಡ್ರೈವರ್ ರೇಗಿಸುವರು.

“ಇಲ್ಲ ಡ್ರೈವರ್ರೇ, ಪಟ್ಟಿಯಲ್ಲಿದೆ. ನೀವು ಸರ್ವಿಸ್‌ನಲ್ಲಿದ್ದಾಗಲೂ ಹಿಂಗೇ ಜಗಳ ತೆಗೀತಿದ್ರಿ.”

“ಮಾತು ಸಾಕು, ಆಳು ಇಡ್ರೋ,” ಅಕ್ಕ ಯಂತ್ರದ ಮೇಲೆ ಒಂದು ಕಣ್ಣಿಟ್ಟೇ ಹೇಳುವಳು. ಸಾಮಾನ್ಯವಾಗಿ ಗೆಲ್ಲುತ್ತಿದ್ದವಳು ಅವಳೇ.

ನಾಲ್ಕರಲ್ಲಿ ಒಬ್ಬ ಸದಾ ಮಲಗಿರುತ್ತಿದ್ದುದರಿಂದ ನಮ್ಮ ಯಾವ ಊರೂ ಪೂರ್ತಿ ಎದ್ದು ನಿಲ್ಲಲಿಲ್ಲ. ಕಾಳು ಸಾಲದು, ಇಟ್ಟಿಗೆ ಸಾಲದು. ಅಕ್ಕ ಅರ್ಧ ಊರು ಕಟ್ಟಿ ಗೆಲ್ಲುವಳು, ನಾವು ಕಾಲು ಊರು ಕಟ್ಟಿ ಸೋಲುವೆವು. ನಾಲ್ಕು ವರ್ಷ ಹೀಗೆ ನಡೆಯಿತು.

ನನಗೆ ಎರಡನೇ ಭಾನುವಾರವೇ ಗೊತ್ತಾಗಿತ್ತು. ಅವನು ಲೋಟ ತೊಳೆಯಲು ಒಳಗೆ ಹೋದಾಗ ಪುಸ್ತಕ ತೆರೆದೆ. ಅಭ್ಯಾಸಬಲ, ಕಿಸೆಯಿಂದ ಪೆನ್ಸಿಲ್ ಬಂದು ಆ ‘ರೆಸ್ಟ್’ ಪದದ ಮೇಲೆ ಸಣ್ಣಗೆ ‘ಉಳಿದ’ ಎಂದು ಬರೆದೂಬಿಟ್ಟಿತು. ಅವನು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ. ಹೇಳಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಆರು ದಿನ ಇನ್ನೊಬ್ಬರ ತಪ್ಪು ಹಿಡಿದು ಹಿಡಿದು ನನಗೆ ಸಾಕಾಗಿರುತ್ತಿತ್ತು. ಏಳನೆಯ ದಿನವೂ ಯಾಕೆ ಎನಿಸಿತು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೆ. ತಿಂಗಳಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದಾನು ಎನಿಸಿತು. ವರ್ಷವಾದ ಮೇಲೆ ಮರೆತೇಹೋಯಿತು.

ಹೋದ ವರ್ಷ ಒಂದು ಭಾನುವಾರ ಡ್ರೈವರ್ ನಗುತ್ತಲೇ ಒಳಗೆ ಬಂದರು. “ನಮ್ಮ ಅಳಿಯನ ಮನೇಲಿ ಇದೇ ಆಟ ಇತ್ತು ಕಣಯ್ಯ. ಇವತ್ತು ರೆಸ್ಟ್ ಯಾರು ಅಂದೆ ನೋಡು, ಅಳಿಯ ಬಿದ್ದು ಬಿದ್ದು ನಕ್ಕ. ಹಂಗೆ ನಿಯಮಾನೇ ಇಲ್ವಂತೆ. ರೆಸ್ಟ್ ಅಂದ್ರೆ ಮಿಕ್ಕವರು ಅಂತಂತೆ!”

ಅಕ್ಕನೂ ನಕ್ಕಳು. ಡ್ಯೂಟಿಯೂ ಮೊದಲು ನಕ್ಕ. “ಅಯ್ಯೋ, ಹೌದಾ? ಎಲ್ಲಿದೆ ಅದು,” ಎಂದು ಪುಸ್ತಕ ತೆಗೆದ. ಆ ಪುಟಕ್ಕೆ ಬಂದು ನಿಂತ. ಕನ್ನಡಕ ಮೇಲೆತ್ತಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದ.

“ಇದು ನಿನ್ನ ಅಕ್ಷರ,” ಎಂದ.

ಹೌದೆಂದು ತಲೆಯಾಡಿಸಿದೆ.

“ಯಾವಾಗ ಬರೆದೆ?”

“ಆಗಲೇ. ಶುರುವಿನಲ್ಲಿ.”

“ನಾಲ್ಕು ವರ್ಷ ಒಳಗೊಳಗೇ ನಗ್ತಿದ್ಯಾ?”

“ನಗಲಿಲ್ಲ ಕಣೋ. ನೀನು ಅಷ್ಟು ಖುಷಿಯಾಗಿ ಹೇಳ್ತಿದ್ದೆ, ಬಿಟ್ಟೆ.”

“ಪ್ರೆಸ್ಸಲ್ಲಿ ಹಂಗೇ ಬಿಡ್ತೀಯಾ?”

“ಅದು ಕೆಲಸ.”

“ಓಹೋ. ನಾನು ಅದಕ್ಕಿಂತ ಕಡೆ.” ಪುಸ್ತಕ ಮುಚ್ಚಿದ. “ಮುನ್ನೂರು ಜನಕ್ಕೆ ದಿನಾ ಮುಖಕ್ಕೇ ಇಲ್ಲ ಅಂತೀನಿ. ಬೈಸ್ಕೋತೀನಿ. ಒಬ್ಬರನ್ನೂ ಪಾಪ ಅಂತ ಕತ್ತಲಲ್ಲಿಟ್ಟಿಲ್ಲ. ನನಗೊಂದು ಮಾತು ಹೇಳೋಕೆ ನಿನಗೆ ಏನಾಗಿತ್ತು?”

ಡ್ರೈವರ್, “ಬಿಡಯ್ಯ, ಆಟ ತಾನೇ,” ಎಂದರು. ಅವನು ಬಿಡಲಿಲ್ಲ. ಆ ದಿನ ಆಟವಾಗಲಿಲ್ಲ. ಮುಂದಿನ ಒಂಬತ್ತು ಭಾನುವಾರವೂ ಆಗಲಿಲ್ಲ. ನಾನು ಫೋನು ಮಾಡಿದರೆ ಅಕ್ಕ ಎತ್ತಿ, “ಮಲಗಿದ್ದಾನೆ,” ಎನ್ನುವಳು. ಅದು ಸುಳ್ಳೆಂದು ನಾನು ತಿಳಿದಿದ್ದೆ. ಆದರೆ ಅವನು ನಿಜವಾಗಿ ಮಲಗಿರುತ್ತಿದ್ದ. ಕೆಮ್ಮು ಶುರುವಾಗಿತ್ತು. ಡಿಪೋದ ಮೆಟ್ಟಿಲು ಹತ್ತಿದರೆ ಹತ್ತು ನಿಮಿಷ ಕೂರಬೇಕಾಗುತ್ತಿತ್ತಂತೆ. ಅದನ್ನು ನನಗೆ ಡ್ರೈವರ್ ತಿಳಿಸುವ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿ ಎಂಟು ದಿನ ಕಳೆದು ಮನೆಗೆ ಬಂದಾಗಿತ್ತು. ನನ್ನನ್ನು ಕರೆಯಬೇಡಿ ಎಂದೇನೂ ಅವನು ಹೇಳಿರಲಿಲ್ಲ. ಕರೆಯಿರಿ ಎಂದೂ ಹೇಳಿರಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಅವನೇ ಫೋನು ಮಾಡಿದ. “ಕರಡು, ಒಂದು ಕಾಗದ ಓದಬೇಕು. ಬರ್ತೀಯಾ?”

ಹೊರಗಿನ ಕೋಣೆಯಲ್ಲಿ ಕಿಟಕಿಯ ಪಕ್ಕಕ್ಕೆ ಮಂಚ ಬಂದಿತ್ತು. ಬಟ್ಟೆಯ ರಾಶಿ ಒಳಕೋಣೆಗೆ ಹೋಗಿತ್ತು. ಅವನು ಎರಡು ದಿಂಬಿಗೆ ಒರಗಿ ಕೂತಿದ್ದ. ಅಂಗಿಯ ಕಾಲರಿನೊಳಗೆ ಕತ್ತು ಸಣ್ಣದಾಗಿತ್ತು. ಮಾತಿನ ನಡುವೆ ನಿಂತು ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ಆದರೂ ಮುಖ ಗೆಲುವಾಗಿತ್ತು. ದಿಂಬಿನ ಕೆಳಗಿಂದ ಆಸ್ಪತ್ರೆಯ ಕಾಗದ ತೆಗೆದ.

“ಶ್ವಾಸಕೋಶ ಗಟ್ಟಿಯಾಗಿದೆಯಂತೆ. ಆದರೆ ಇಲ್ಲಿ ನೋಡು, ಪ್ರೋಗ್ರೆಸಿವ್ ಅಂತ ಬರೆದಿದ್ದಾರೆ. ಪ್ರೋಗ್ರೆಸ್ ಆಗ್ತಿದೆ. ಒಂದನೇ ತಾರೀಖಿಗೆ ಡ್ಯೂಟಿಗೆ ಬರ್ತೀನಿ ಅಂತ ಡಿಪೋಗೆ ಬರೀಬೇಕು. ಅವರು ಕೆಲಸ ಬಿಟ್ಟುಬಿಡಿ, ಮೆಡಿಕಲ್ ಮೇಲೆ ಕಳಿಸ್ತೀವಿ ಅಂತಿದ್ದಾರೆ. ಈ ಸಾಲನ್ನೇ ತೋರಿಸ್ತೀನಿ. ನೀನೊಂದು ಸಲ ಪೂರ್ತಿ ಓದಿ ಹೇಳು.”

ಕಾಗದ ಕೈಗೆ ತೆಗೆದುಕೊಂಡೆ. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವನಿಗೆ ಅವಳು ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ಡಾಕ್ಟರ್ ಅವಳಿಗೆ ಎಲ್ಲ ಹೇಳಿದ್ದರೆಂದು ಅವಳ ಮುಖ ನೋಡಿದ ಕ್ಷಣವೇ ತಿಳಿಯಿತು. ಎರಡೂ ಕೈ ಎತ್ತಿ ಬೇಡ ಎಂದಳು. ಆಮೇಲೆ ಆ ಕೈಗಳನ್ನೇ ಜೋಡಿಸಿದಳು.

ನಾನು ಓದಿದ ಸಾಲನ್ನೇ ಮತ್ತೆ ಓದಿದೆ. ಅದರಲ್ಲಿ ಎರಡರ್ಥಕ್ಕೆ ಜಾಗವಿರಲಿಲ್ಲ. ಕೆಳಗೆ ಇನ್ನೂ ಸ್ಪಷ್ಟವಾಗಿ ಬರೆದಿತ್ತು. ಒಂದು ‘ಹೂಂ’ ಅಂದರೆ ಅವನು ಒಂದನೇ ತಾರೀಖಿನ ಕನಸಿನಲ್ಲಿ ಇನ್ನೂ ಕೆಲವು ದಿನ ಹೀಗೇ ಗೆಲುವಾಗಿ ಕೂತಿರುತ್ತಾನೆ. ಆಮೇಲೆ ಡಿಪೋದ ಮೆಟ್ಟಿಲ ಬುಡದಲ್ಲಿ ಒಬ್ಬನೇ ಕೂತು ತಿಳಿದುಕೊಳ್ಳುತ್ತಾನೆ. ಆಗ ಈ ಕಾಗದ ಓದಿಕೊಟ್ಟವನು ಯಾರೆಂದು ನೆನಪಾಗದೆ ಇರುವುದಿಲ್ಲ. ಇದೆಲ್ಲ ನಾನು ಆಗ ಇಷ್ಟು ಬಿಡಿಸಿ ಯೋಚಿಸಿದೆನೇ ಎಂದರೆ ಇಲ್ಲ. ತುಂಬಾ ಸುಸ್ತಾಗಿತ್ತು ಎಂಬುದಷ್ಟೇ ನೆನಪು.

“ಅದು ಆ ಪ್ರೋಗ್ರೆಸ್ ಅಲ್ಲ ಕಣೋ,” ಎಂದೆ. “ಕಾಯಿಲೆ ಮುಂದುವರೀತಿದೆ ಅಂತ. ನೀನಲ್ಲ.”

ಬಾಗಿಲಲ್ಲಿದ್ದ ಅಕ್ಕ ಒಳಗೆ ಹೋದಳು.

ಅವನು ಕಿಟಕಿಯ ಕಡೆ ನೋಡಿದ. ಕೆಳಗೆ ರಸ್ತೆಯಲ್ಲಿ ಯಾವುದೋ ಬಸ್ಸು ಗೇರ್ ಬದಲಿಸಿತು. “ಮಿಕ್ಕಿದ್ದನ್ನೂ ಓದು,” ಎಂದ.

ಓದಿದೆ. ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳಿದೆ. ವಾಸಿಮಾಡುವ ಔಷಧಿ ಇಲ್ಲ ಎಂಬ ಸಾಲನ್ನೂ ಹೇಳಿದೆ.

“ಇದು ನಿನಗೆ ಎಷ್ಟು ದಿನದಿಂದ ಗೊತ್ತು?”

“ಈಗಲೇ. ಓದಿದಾಗ.”

“ಹಂಗಾದ್ರೆ ಸರಿ,” ಎಂದ. ಕಾಗದ ಈಸಿಕೊಂಡು ದಿಂಬಿನ ಕೆಳಗಿಟ್ಟು, “ಥೂ, ಈ ಇಂಗ್ಲಿಷ್ ನನ್ನ ಮಾನ ಕಳೀತು,” ಎಂದು ನಗಲು ಹೋದವನಿಗೆ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೆ ಅವನ ಬೆನ್ನು ಹಿಡಿದುಕೊಂಡಿದ್ದೆ. ಬೆನ್ನಿನ ಮೂಳೆಗಳೆಲ್ಲ ಕೈಗೆ ಸಿಗುತ್ತಿದ್ದವು.

ಡಿಪೋಗೆ ಕಾಗದ ಬರೆಸಿದ. ಒಂದನೇ ತಾರೀಖಿನ ಮಾತಲ್ಲ, ಕೆಲಸ ಬಿಡುವ ಕಾಗದ. ಅವನ ಜಾಗಕ್ಕೆ ಬಂದ ಹೆಂಗಸು ನಾಲ್ಕು ದಿನ ಮನೆಗೆ ಬಂದು ಮಂಚದ ಪಕ್ಕ ಕೂತು ಪಟ್ಟಿ ಕಟ್ಟುವುದನ್ನು ಕಲಿತಳು. “ಯಾರಿಗೂ ನೋಡೋಣ ಅನ್ಬೇಡಮ್ಮ. ಪಾಪ, ನಂಬಿಕೊಂಡು ಕೂತಿರ್ತಾರೆ,” ಎನ್ನುತ್ತಿದ್ದ. ಆಮೇಲೆ ಹೆಚ್ಚಿನ ಹೊತ್ತು ನಿದ್ದೆ. ಕಾಯಿಲೆಯ ಮನೆಯಲ್ಲಿ ದೊಡ್ಡ ಮಾತುಕತೆಗಳೇನೂ ನಡೆಯುವುದಿಲ್ಲ. ಗುಳಿಗೆ, ಬಿಸಿನೀರು, ಫ್ಯಾನು ಜೋರಾಯಿತು, ಕಡಿಮೆಯಾಯಿತು. ಮೂರು ಭಾನುವಾರ ಸರಿಯಾದ ನಿಯಮದಲ್ಲಿ ಆಡಿದೆವು. ಅಕ್ಕ ನನಗೆ ಎದುರಾಗಿ ಕೂತು ಆಡಿದಳು, ನನ್ನ ಜೊತೆ ಮಾತಾಡಲಿಲ್ಲ. ಆಟ ಬೇಗ ಬೇಗ ಮುಗಿಯುತ್ತಿತ್ತು. ಮೂರನೆಯ ವಾರ ಡ್ರೈವರ್ರ ಊರು ಪೂರ್ತಿಯಾಯಿತು. ಅವರು ಅದನ್ನು ನೋಡುತ್ತ, “ಚೆನ್ನಾಗೇನೋ ಇದೆ,” ಎಂದರು. ನಾಲ್ಕನೆಯ ವಾರ ಅವನಿಗೆ ಕೂರಲಾಗಲಿಲ್ಲ.

ಆ ಕಾಗದ ಓದಿದ ಹತ್ತನೆಯ ವಾರ ಒಂದು ಸಂಜೆ ಕೇಳಿದ, “ಇನ್ನೆಷ್ಟು ದಿನ ಅನ್ಸತ್ತೆ?”

“ಕಡಿಮೆ,” ಎಂದೆ.

“ನಾಳೆ ಪ್ರೆಸ್ಸಿಗೆ ಹೋಗಬೇಡ ಹಂಗಾದ್ರೆ. ಇಲ್ಲಿಗೆ ಬಾ.”

ಹೋದೆ. ದಿನವೆಲ್ಲ ಅವನು ನಿದ್ದೆ ಮಾಡಿದ. ಎರಡು ಸಲ ಕಣ್ಣು ಬಿಟ್ಟು, ನಾನಿದ್ದೇನೆಂದು ನೋಡಿ ಮುಚ್ಚಿದ. ಮಧ್ಯಾಹ್ನ ಅಕ್ಕ ತಟ್ಟೆ ತಂದು ನನ್ನ ಮುಂದೆ ಇಟ್ಟಳು. ಇಟ್ಟವಳು ಹೋಗಲಿಲ್ಲ.

“ನೀನು ಅವತ್ತು ಮಾಡಿದ್ದು ಸರಿ ಅಂತ ನಾನು ಹೇಳಲ್ಲ,” ಎಂದಳು. ಎರಡು ತಿಂಗಳ ಮೇಲೆ ನನಗೆಂದು ಅವಳಾಡಿದ ಮೊದಲ ಮಾತು. “ಆಸ್ಪತ್ರೆಯಿಂದ ಬಂದು ನಿನ್ನ ಹತ್ರ ಕಾಗದ ಓದಿಸೋವರೆಗೂ, ಆ ಮೂರು ವಾರ ಅವನ ಮುಖ ಎಷ್ಟು ಚೆನ್ನಾಗಿತ್ತು ನಿನಗೇನು ಗೊತ್ತು. ನೀನಿರಲಿಲ್ಲ.”

“ಇರಲಿಲ್ಲ ಅಕ್ಕ.”

“ಅವನು ಕೇಳಿದ. ನೀನು ಹೇಳಿದೆ. ನನ್ನ ಕೇಳಿದ್ರೆ ನಾನು ಹೇಳ್ತಿರಲಿಲ್ಲ. ಅದಕ್ಕೇ ನನ್ನ ಕೇಳಲಿಲ್ಲ ಅವನು.” ಸೆರಗಿನಿಂದ ಮುಖ ಒರೆಸಿಕೊಂಡಳು. “ಊಟ ಮಾಡು. ಆರಿಹೋಗತ್ತೆ.”

ಉಂಡೆ. ಅವಳು ಮಂಚದ ಆ ಬದಿಯಲ್ಲಿ ಕೂತಳು, ನಾನು ಈ ಬದಿಯಲ್ಲಿ. ಅವನ ಉಸಿರನ್ನು ಕೇಳುತ್ತ ಇಬ್ಬರೂ ಸಂಜೆಯವರೆಗೆ ಕೂತಿದ್ದೆವು.