ಪಾಲು ಮಾಡದ ಇಳಿಜಾರು

ನಮ್ಮಜ್ಜ ಕಟ್ಟಿಸಿದ ಮಣ್ಣಿನ ಮಾಳಿಗೆ ಮನೆಯನ್ನು ಅಪ್ಪ ಮತ್ತು ದೊಡ್ಡಪ್ಪ ಪಾಲು ಮಾಡಿಕೊಂಡಾಗ ಹಿರಿಯರು ಕಂಬ ಎಣಿಸಿದರು. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಎರಡು ಅಂಕಣ ಅವರಿಗೆ, ಎರಡು ನಮಗೆ, ನಡುವೆ ಗೋಡೆ. ಕಾಳು ತುಂಬುವ ಹಗೇವಿನ ಬಾಯಿಯನ್ನೂ ಬಿಡದೆ ಅಳೆದವರು ಮಾಳಿಗೆ ಹತ್ತಿ ಮಾತ್ರ ನೋಡಲಿಲ್ಲ. ಅಜ್ಜ ಇಟ್ಟ ಇಳಿಜಾರು ಒಂದೇ: ನಮ್ಮ ಮಾಳಿಗೆಯ ನೀರೆಲ್ಲ ಹರಿದು ದೊಡ್ಡಪ್ಪನ ಕಡೆ ಗೋಡೆಯಿಂದ ಹೊರಚಾಚಿದ ಕಲ್ಲಿನ ದೋಣಿಯಿಂದ ಓಣಿಗೆ ಬೀಳುತ್ತಿತ್ತು.

ಹೋದ ಸುಗ್ಗಿ ಮುಗಿದ ಮೇಲೆ ದೊಡ್ಡಪ್ಪ ತನ್ನ ಪಾಲು ಕೆಡವಿದ. ದೋಣಿಯನ್ನು ತಿಪ್ಪೆಗೆ ಎಸೆದ. ಭರಣಿ ಮಳೆಯ ಹೊತ್ತಿಗೆ ಸ್ಲ್ಯಾಬ್ ಹಾಕಿಸಿದ, ನಮ್ಮ ಮಾಳಿಗೆಗಿಂತ ಮೊಳ ಎತ್ತರ. ಬಾಗಿಲ ಮುಂದೆ ಟೈಲ್ಸ್ ಹಾಕಿದ ಮೆಟ್ಟಿಲು. ಅದು ನಮ್ಮ ಗೋಡೆಯ ಮುಂದಕ್ಕೂ ಚಾಚಿತ್ತು.

ಯಾವ ಮಳೆಗೆ ಎಲ್ಲಿ ಸೋರಿತು ಎಂದು ಬರೆದಿಡುವುದು ನನ್ನ ರೂಢಿ. ಕೃತ್ತಿಕೆ: ಅಡುಗೆಮನೆಯಲ್ಲಿ ಐದು ಕಡೆ, ಪಡಸಾಲೆಯಲ್ಲಿ ಎರಡು. ಮೇಲೆ ಹತ್ತಿ ನೋಡಿದರೆ ಅವನ ಹೊಸ ಗೋಡೆಗೆ ತಾಗಿ ನೀರು ಕೆರೆಯಂತೆ ನಿಂತಿತ್ತು. ಜಂತಿಗಳು ನೆನೆದು ಮಾಳಿಗೆ ಕುಸಿದರೆ ನಮಗೆ ಬೇರೆ ಮನೆಯಿಲ್ಲ.

ಅವ್ವ ಅವನ ಬಾಗಿಲಿಗೇ ಹೋಗಿ ನಿಂತಳು. "ಭಾವಾರ, ಗ್ವಾಡಿ ಬುಡಕ ಒಂದ್ ತೂತರ ಬಿಡ್ರಿ. ನೀರು ಹೋಗಾಕ ದಾರಿನ ಇಲ್ಲ."

"ನೀರು ನಿಮ್ಮವು. ನೀವ ನೋಡ್ಕೋರಿ," ಎಂದ ದೊಡ್ಡಪ್ಪ.

ಒಳಗಿನಿಂದ ದೊಡ್ಡವ್ವ ಕೂಗಿದಳು: "ಮಣ್ಣಿನ ಮನ್ಯಾಗ ಇರಾವ್ರು ಸೋರತೈತಿ ಅಂತ ಅತ್ತರ ಹೆಂಗವಾ?"

ರೋಹಿಣಿ ಶುರುವಾಗುವ ಮೊದಲು ಅಪ್ಪ ನೀರು ಇಳಿಯಗೊಡದ ಸವಳು ಮಣ್ಣು ತರಿಸಿದ. ಮೂವರೂ ಮಾಳಿಗೆಯ ಮಣ್ಣು ಕೆದರಿ, ಇಳಿಜಾರನ್ನು ಓಣಿಯ ಕಡೆಗೆ ತಿರುಗಿಸಿ ಬಡಿದೆವು. ಓಣಿಯ ಕಡೆ ಮಾಳಿಗೆಯ ಅಂಚಿಗೆ ತೂತು ಕೊರೆದು, ತಿಪ್ಪೆಯಿಂದ ಆ ದೋಣಿಯನ್ನು ಎತ್ತಿ ತಂದು ಕೂಡಿಸಿದೆವು.

ಮೊದಲ ಮಳೆಗೇ ಕೆಸರುನೀರು ಧೋ ಎಂದು ದೊಡ್ಡಪ್ಪನ ಹೊಳೆಯುವ ಮೆಟ್ಟಿಲ ಮೇಲೆ ಸುರಿಯಿತು. ಕೊಡೆ ಹಿಡಿದು ಹೊರಬಂದ.

"ಯಾರಲೇ ಇದನ್ನ ಇಟ್ಟಾವ್ರು? ಮೆಟ್ಲ ಹೊಲಸಾತು!"

"ನಮ್ಮ ಗ್ವಾಡಿ ಮುಂದ ಮೆಟ್ಲ ಕಟ್ಟು ಅಂದಾವ್ರು ಯಾರ್ರಿ?" ಎಂದಳು ಅವ್ವ. "ನಮ್ಮ ನೀರು, ನಾವ ನೋಡ್ಕೊಂಡೀವಿ."

ಅವನು ಮೇಲೆ ನೋಡಿದ. ದೋಣಿಯ ಗುರುತು ಸಿಕ್ಕಿತು. "ಅದು ನನ್ನ ಪಾಲಿಂದು! ಕಳುವು ಮಾಡೀರಿ!"

"ತಿಪ್ಪಿ ನಿಮ್ಮ ಪಾಲಿಗೆ ಬಂದಿಲ್ಲಲ್ಲ, ಅಣ್ಣಾ," ಎಂದ ಅಪ್ಪ. ಅಪ್ಪ ಅಷ್ಟು ಚುರುಕಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಳೆ ನಿಂತ ಕೂಡಲೇ ದೊಡ್ಡಪ್ಪ ಏಣಿ ಹಾಕಿ, ಹಾರೆಯಿಂದ ದೋಣಿಯನ್ನು ಕಿತ್ತು, ಹೆಗಲ ಮೇಲೆ ಹೊತ್ತುಕೊಂಡು ಹೋದ. ನಾವು ತಡೆಯಲಿಲ್ಲ. ಸಂಜೆಯೊಳಗೆ ಅಪ್ಪ ಅದೇ ತೂತಿಗೆ ದಪ್ಪ ಪೈಪು ಕೂಡಿಸಿ ಸುತ್ತ ಮಣ್ಣು ಮೆತ್ತಿದ. ಪೈಪು ದೋಣಿಗಿಂತ ಉದ್ದ.

ಮೃಗಶಿರ: ಒಲೆಯ ಮೇಲೆ ಒಂದು ಕಡೆ ಮಾತ್ರ ಸೋರಿತು. ನೀರು ಈಗ ಮೆಟ್ಟಿಲ ನಟ್ಟನಡುವೆ ಬೀಳುತ್ತದೆ. ದೊಡ್ಡವ್ವ ಪ್ರತಿ ಮಳೆಗೂ ಪೊರಕೆ ಹಿಡಿದು ನಮಗೆ ಕೇಳುವಂತೆ ಬೈಯುತ್ತಾ ತೊಳೆಯುತ್ತಾಳೆ. ಕಲ್ಲಿನ ದೋಣಿ ಅವರ ಸ್ಲ್ಯಾಬಿನ ಮೇಲೆ ಬೋರಲು ಬಿದ್ದಿದೆ.